ಅನುಮಾನಕ್ಕೂ ಶುಲ್ಕ

ವಿಧಾನಸಭೆಗೆ ಸ್ಪರ್ಧಿಸಲು ಸಾಮಾನ್ಯ ವರ್ಗದ ಅಭ್ಯರ್ಥಿ ಕಟ್ಟಬೇಕಾದ ಠೇವಣಿ 10,000 ರೂಪಾಯಿ. ಸೋತ ಮೇಲೆ ಒಂದು ಮತಯಂತ್ರದ ಸೆಟ್ ಪರಿಶೀಲಿಸಿ ಎಂದು ಕೇಳಲು 2024ರಲ್ಲಿ ಚುನಾವಣಾ ಆಯೋಗ ಗೊತ್ತುಪಡಿಸಿದ ದರ 40,000; ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 47,200. ಚುನಾವಣೆಗೆ ನಿಲ್ಲುವುದಕ್ಕಿಂತ ಅನುಮಾನಪಡುವುದೇ ದುಬಾರಿ!

ಈ ದಾರಿ ತೆರೆದದ್ದು ಸುಪ್ರೀಂ ಕೋರ್ಟಿನ 2024ರ ಏಪ್ರಿಲ್ 26ರ ತೀರ್ಪು. ಎರಡನೇ, ಮೂರನೇ ಸ್ಥಾನದ ಅಭ್ಯರ್ಥಿಗಳು ಮಾತ್ರ, ಏಳು ದಿನದೊಳಗೆ, ವಿಧಾನಸಭಾ ಕ್ಷೇತ್ರದ ಶೇ. 5ರಷ್ಟು ಯಂತ್ರಗಳಿಗೆ ಅರ್ಜಿ ಹಾಕಬಹುದು. ಖರ್ಚು ಅವರದೇ, ಯಂತ್ರ ತಿರುಚಿದ್ದು ಸಾಬೀತಾದರೆ ವಾಪಸ್. 2025ರಲ್ಲಿ ಅದೇ ಕೋರ್ಟ್ 40,000 ಹೆಚ್ಚಾಯಿತು ಎಂದಿತು. ಆದರೆ ನನ್ನ ತಕರಾರು ದರದ್ದಲ್ಲ, ಬಿಲ್ಲು ಯಾರ ಹೆಸರಿಗೆ ಎಂಬುದರದ್ದು.

ಯಂತ್ರ ಸರಿಯಿದೆ ಎಂದು ಗೊತ್ತಾದರೆ ಲಾಭ ಯಾರಿಗೆ? ಗೆದ್ದವರಿಗೆ, ಆಯೋಗಕ್ಕೆ, ಮತ ಹಾಕಿದ ನಮಗೆಲ್ಲ. ಹಣ ಕಳೆದುಕೊಳ್ಳುವವರು ಮಾತ್ರ ಸೋತವರು. ಊರ ಬಾವಿಯ ನೀರು ಪರೀಕ್ಷಿಸಿ ಎಂದವರಿಂದಲೇ, ನೀರು ಚೆನ್ನಾಗಿದೆ ಎಂಬ ಕಾರಣಕ್ಕೆ, ಖರ್ಚು ವಸೂಲಿ ಮಾಡಿದ ಹಾಗೆ.

ಶುಲ್ಕವಿಲ್ಲದಿದ್ದರೆ ಸುಮ್ಮಸುಮ್ಮನೆ ಅರ್ಜಿಗಳು ಬರುತ್ತವೆ ಎನ್ನುತ್ತಾರೆ. ಅರ್ಜಿದಾರರು ಇಬ್ಬರೇ, ಗಡುವು ಏಳೇ ದಿನ, ಯಂತ್ರಗಳು ಶೇ. 5 ಮಾತ್ರ. ಇಷ್ಟು ಬೇಲಿ ಸಾಲದೆ? ಇದರ ಮೇಲೂ ಹಾಕಿದ ಶುಲ್ಕ ತಡೆಯುವುದು ಪೊಳ್ಳು ಅನುಮಾನವನ್ನಲ್ಲ, ಬಡವರ ಅನುಮಾನವನ್ನು.

2023ರಲ್ಲಿ ಜಯನಗರದ ಫಲಿತಾಂಶ ನಿಂತದ್ದು 16 ಮತಗಳ ಮೇಲೆ, ಮಾಲೂರಿನದು 248ರ ಮೇಲೆ. ಅಂತರ ಇಷ್ಟು ಕಿರಿದಾದಲ್ಲಿ ಯಾರೂ ಕೇಳದೆಯೇ, ಸರ್ಕಾರಿ ಖರ್ಚಿನಲ್ಲಿ, ಎಲ್ಲ ವಿವಿಪ್ಯಾಟ್ ಚೀಟಿಗಳನ್ನು ಎಣಿಸುವ ನಿಯಮ ಬರಲಿ. ಮತಗಟ್ಟೆಗೆ, ಶಾಯಿಗೆ, ಭದ್ರತೆಗೆ ಬೊಕ್ಕಸದಿಂದ ಖರ್ಚು ಮಾಡುವ ನಾವು ಲೆಕ್ಕ ತಾಳೆ ನೋಡುವುದಕ್ಕೆ ಮಾತ್ರ ಸೋತವರ ಜೇಬಿಗೆ ಕೈಹಾಕುವುದು ನಾಚಿಕೆಗೇಡು.