ನಮ್ಮ ನೆತ್ತರಿನ ಲೆಕ್ಕ ನಮ್ಮ ನುಡಿಯಲ್ಲಿ ಬರಲಿ

ಗಡಿನಾಡಿನ ಕನ್ನಡ ಬಾಂಧವರೇ,

ವಿದ್ವಾಂಸರು ನಮ್ಮ ಊರುಗಳಿಗೆ ಬರುತ್ತಾರೆ. ಮಣ್ಣನ್ನು ಪರೀಕ್ಷಿಸುತ್ತಾರೆ, ಬಾವಿಯ ನೀರನ್ನು ಶೀಶೆಗಳಲ್ಲಿ ತುಂಬಿಕೊಳ್ಳುತ್ತಾರೆ, ನಮ್ಮ ಮಕ್ಕಳ ನೆತ್ತರನ್ನೂ ಕೊಂಡೊಯ್ಯುತ್ತಾರೆ. ಇದನ್ನು ನಾವು ಆಕ್ಷೇಪಿಸುವವರಲ್ಲ. ಆದರೆ ಕೊಂಡೊಯ್ದವರು ಕಂಡುಕೊಂಡುದೇನೆಂಬುದನ್ನು, ಕೊಟ್ಟವರಿಗೆ ತಿಳಿಯುವ ನುಡಿಯಲ್ಲಿ ಹೇಳುವುದು ಅವರ ಮೇಲಿರುವ ಋಣವಲ್ಲವೆ?

ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದ ಕಥೆಯನ್ನು ನೀವೆಲ್ಲ ಕೇಳಿರುವಿರಿ. ಮನೆಯಲ್ಲಿ ತುಳುವನ್ನೂ ಬರಹದಲ್ಲಿ ಕನ್ನಡವನ್ನೂ ಬಳಸುವ ಬಹುಮಂದಿ ಅಲ್ಲಿದ್ದಾರೆ. ಆ ಊರಿನ ನೆತ್ತಿಯ ಮೇಲಿನ ಸರಕಾರೀ ಗೇರುತೋಟಗಳಿಗೆ ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷವನ್ನು ಸುರಿದರು. ಅದು ನಿಂತುದು 2000ದ ಕೊನೆಗೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಬಂದು ಪಡ್ರೆಯ ಮಕ್ಕಳನ್ನು ಪರೀಕ್ಷಿಸಿದರು. ವಿಷ ಸುರಿಯದಿದ್ದ ಮೀಂಜದ ಮಕ್ಕಳನ್ನೂ ಪರೀಕ್ಷಿಸಿ ಹೋಲಿಸಿದರು. ವಿಷದ ಕೆಳಗೆ ಬೆಳೆದ, 10ರಿಂದ 19 ವಯಸ್ಸಿನ 117 ಹುಡುಗರನ್ನೂ, ವಿಷ ತಾಗದ 90 ಹುಡುಗರನ್ನೂ ಎದುರುಬದುರಾಗಿ ಇಟ್ಟು ನೋಡಿದ ಪ್ರಬಂಧವು 2003ರಲ್ಲಿ ಅಚ್ಚಾಯಿತು. ಎಲ್ಲಿ? ಅಮೆರಿಕದ ಒಂದು ಶಾಸ್ತ್ರೀಯ ಪತ್ರಿಕೆಯಲ್ಲಿ, ಇಂಗ್ಲಿಷಿನಲ್ಲಿ! ಮೊದಲಿನ ಹುಡುಗರಲ್ಲಿ ಪ್ರೌಢತೆಯ ಲಕ್ಷಣಗಳು ತಡವಾಗಿವೆ, ಹಾರ್ಮೋನುಗಳ ಕ್ರಮ ಕೆಟ್ಟಿರಬಹುದು ಎಂದು ಅದು ಹೇಳಿತು. ತಮ್ಮ ಪರೀಕ್ಷೆಗೆ ಒಳಗಾದವರ ಸಂಖ್ಯೆ ಚಿಕ್ಕದೆಂದೂ ಬರೆದವರೇ ಒಪ್ಪಿಕೊಂಡರು.

ಈ ಕೊನೆಯ ಮಾತನ್ನು ನಾವು ಬೇಕೆಂದೇ ಎತ್ತಿ ಹೇಳುತ್ತಿದ್ದೇವೆ. ಹಳ್ಳಿಯವರಿಗೆ ಸಾರಾಂಶ ಸಾಕು, ಸಂಶಯಗಳನ್ನೆಲ್ಲ ಹೇಳಿದರೆ ಗಾಬರಿಯಾಗುತ್ತಾರೆ ಎನ್ನುವ ದಯಾಳುಗಳಿದ್ದಾರೆ. ಅವರ ದಯೆ ನಮಗೆ ಬೇಡ. ಕೇಂದ್ರವು ನೇಮಿಸಿದ ದುಬೆ ಸಮಿತಿಯು ರೋಗಗಳಿಗೂ ವಿಷಕ್ಕೂ ಸಂಬಂಧ ಕಾಣದೆಂದು ವರದಿ ಮಾಡಿತು. ಪಂಡಿತರು ಹೀಗೆ ಪರಸ್ಪರ ವಿರೋಧವಾಗಿ ನುಡಿದಾಗ, ಯಾರ ಮಾತಿಗೆ ಎಷ್ಟು ತೂಕವೆಂದು ಅರಿಯದ ಪಂಚಾಯತು ಸದಸ್ಯನು ಕಚೇರಿಯಲ್ಲಿ ಏನೆಂದು ವಾದಿಸಬೇಕು? 2011ರಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ತಡೆಯಿತು. 2017ರಲ್ಲಿ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು. ಯಾರು ಪೀಡಿತರು, ಯಾರು ಅಲ್ಲ ಎಂಬ ಪ್ರಶ್ನೆ ಬಂದಾಗ ಆ ಸಂಶೋಧನೆಯ ಬಲವೂ ಬೇಕು, ಅದರ ಮಿತಿಯ ಅರಿವೂ ಬೇಕು. ಎರಡೂ ಇಂಗ್ಲಿಷಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಕುಳಿತರೆ, ಬಡ ತಾಯಿ ಬಾಗಿಲಲ್ಲಿ ನಿಂತೇ ಇರುತ್ತಾಳೆ.

ಹಳ್ಳಿಗನಿಗೆ ಶಾಸ್ತ್ರ ತಿಳಿಯದಂತೆ! ಎರಡು ಗದ್ದೆಗಳಲ್ಲಿ ಒಂದಕ್ಕೆ ಗೊಬ್ಬರ ಹಾಕಿ, ಇನ್ನೊಂದನ್ನು ಬಿಟ್ಟು, ಸುಗ್ಗಿಯಲ್ಲಿ ಎರಡನ್ನೂ ಅಳೆಯುವವನಿಗೆ ಪಡ್ರೆ-ಮೀಂಜಗಳ ಹೋಲಿಕೆಯು ಏಕೆ ತಿಳಿಯದು? ಈ ಅನರ್ಥವನ್ನು ಮೊದಲು ಕಂಡವರಾದರೂ ಯಾರು? ಊರಿನ ಹಟ್ಟಿಯಲ್ಲಿ ಅಂಗವಿಕಲವಾಗಿ ಹುಟ್ಟಿದ ಕರುಗಳನ್ನು ನೋಡಿ ಸಂಶಯಪಟ್ಟು ಬರೆದವರು ಅದೇ ಊರಿನ ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು. ರೋಗಗಳನ್ನು ಗಮನಿಸಿ ದಾಖಲಿಸಿದವರು ಊರಿನ ವೈದ್ಯರೊಬ್ಬರು. ಅಹಮದಾಬಾದು ಬಂದುದು ಆಮೇಲೆ.

ಕನ್ನಡದಲ್ಲಿ ಪದಗಳಿಲ್ಲವೆಂಬ ಹಳೆಯ ನೆಪವೂ ಸಲ್ಲದು. ಶಿವರಾಮ ಕಾರಂತರು ಒಬ್ಬರೇ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನು ಬರೆದರು. ಪುತ್ತೂರಿನ ಅಡಿಕೆ ಪತ್ರಿಕೆಯು 1988ರಿಂದ ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟಿತು. ಇಲ್ಲದಿರುವುದು ಪದವಲ್ಲ, ಮನಸ್ಸು. ನಮ್ಮ ಮುಂದಾಳುಗಳಿಗೂ ಈ ಮಾತು ಅನ್ವಯಿಸುತ್ತದೆ: ನಾಮಫಲಕದ ಅಕ್ಷರಕ್ಕಾಗಿ ಬೀದಿಗಿಳಿಯುವವರು, ಊರಿನ ನೀರಿನ ವರದಿಯು ಯಾವ ನುಡಿಯಲ್ಲಿದೆಯೆಂದು ಎಂದಾದರೂ ಕೇಳಿದ್ದಾರೆಯೆ?

ಆದುದರಿಂದ ನಾವು ಕೇಳುವುದು ಇಷ್ಟು. ನಮ್ಮ ಊರಿನಲ್ಲಿ ಸಂಶೋಧನೆ ನಡೆಸುವ ಯಾವುದೇ ಸಂಸ್ಥೆಯು ನಾಲ್ಕು ಪುಟಗಳ ಕನ್ನಡ ಪತ್ರಿಕೆಯೊಂದನ್ನು ಪಂಚಾಯತಿಗೆ ಕೊಡಬೇಕು. ಏನನ್ನು ಪರೀಕ್ಷಿಸಿದರು, ಎಷ್ಟು ಜನರನ್ನು, ಏನು ಕಂಡಿತು, ಏನು ನಿಶ್ಚಯವಾಗಿಲ್ಲ ಎಂಬುದು ಅದರಲ್ಲಿರಬೇಕು. ಅದನ್ನು ಗ್ರಾಮಸಭೆಯಲ್ಲಿ ಓದಬೇಕು. ಓದಿದವರೇ ನಿಂತು ಪ್ರಶ್ನೆಗಳಿಗೆ ಉತ್ತರಿಸಬೇಕು.

ಸಂವಿಧಾನದ 350ನೆಯ ವಿಧಿಯಂತೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಸೊಲ್ಲಾಪುರದವರಿಗೂ ತಾಳವಾಡಿಯವರಿಗೂ ಮಡಕಶಿರದವರಿಗೂ ಇದು ಒಂದೇ. ಮುಂದಿನ ಗ್ರಾಮಸಭೆಗೆ ಮೊದಲೇ ಅರ್ಜಿಯನ್ನು ಕನ್ನಡದಲ್ಲಿ ಬರೆಯಿರಿ. ನಿಮ್ಮ ಊರಿನಿಂದ ಮಾದರಿ ಕೊಂಡೊಯ್ದ ಸಂಸ್ಥೆಯ ಹೆಸರನ್ನೂ ವರ್ಷವನ್ನೂ ನಮೂದಿಸಿರಿ. ಕೊಟ್ಟುದಕ್ಕೆ ರಶೀದಿ ಪಡೆದು, ಒಂದು ಪ್ರತಿಯನ್ನು ಶಾಲೆಯ ಮಾಸ್ತರರಲ್ಲಿ ಇರಿಸಿರಿ.