ಸಿಗಡಿ ಸಿಪ್ಪೆಯ ತಲೆಗೆ ಕಟ್ಟಬೇಡಿ

2017ರಲ್ಲಿ ನವಿ ಮುಂಬಯಿ ಪಕ್ಕದ ತಳೋಜಾದಲ್ಲಿ ಬೀದಿನಾಯಿಗಳು ನೀಲಿಯಾದವು. 2020ರಲ್ಲಿ ಡೊಂಬಿವಲಿಯ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿಯಾಯಿತು. ಎರಡೂ ದೇಶಕ್ಕೆಲ್ಲ ಸುದ್ದಿಯಾದವು, ಏಕೆಂದರೆ ಬಣ್ಣ ಕಣ್ಣಿಗೆ ಕಾಣುತ್ತದೆ. ನೀರಿನಲ್ಲಿ ಕರಗಿದ ಸೀಸ ಕಾಣುವುದಿಲ್ಲ. ಕುಡಿಯುವ ನೀರಿನಲ್ಲಿ ಅದಕ್ಕಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದರ ಹತ್ತುಪಟ್ಟು ಇದ್ದರೂ ಲೋಟದ ನೀರು ತಿಳಿಯಾಗಿಯೇ ಇರುತ್ತದೆ.

ಇದಕ್ಕೆ ಈಗ ಎಲ್ಲರ ಬಾಯಲ್ಲೂ ಒಂದು ಮದ್ದಿದೆ: ಕೈಟೋಸಾನ್. ಸಿಗಡಿ ಸಿಪ್ಪೆಯ ಸುಣ್ಣ, ಪ್ರೋಟೀನು ತೆಗೆದು, ಗಾಢ ಕ್ಷಾರದಲ್ಲಿ ಬೇಯಿಸಿದರೆ ಸಿಗುವ ನೈಸರ್ಗಿಕ ಪಾಲಿಮರ್. ಅದರ ಅಮೈನೋ ಗುಂಪುಗಳು ತಾಮ್ರ, ಸೀಸಗಳನ್ನು ಕೊಕ್ಕೆ ಹಾಕಿದಂತೆ ಹಿಡಿಯುತ್ತವೆ. ಆಮ್ಲದಲ್ಲಿ ಕರಗಿಹೋಗದಂತೆ ಅದರ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ವಿಧಾನವೂ ಇದೆ. ಮದ್ದು ಸುಳ್ಳಲ್ಲ. ಅದನ್ನು ಎಲ್ಲಿಡುತ್ತೇವೆ ಎಂಬುದರಲ್ಲಿ ತಪ್ಪಿದೆ.

ಪ್ರಯೋಗಾಲಯದಲ್ಲಿ ಹೆಚ್ಚಾಗಿ ಶುದ್ಧ ನೀರಿಗೆ ಒಂದೇ ಲೋಹ ಬೆರೆಸಿ ನೋಡುತ್ತಾರೆ. ಹತ್ತಾರು ಕಾರ್ಖಾನೆಗಳ ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಬರುವುದು ಬಣ್ಣ, ಉಪ್ಪು, ಎಣ್ಣೆ, ದ್ರಾವಕಗಳ ಕಲಗಚ್ಚು. ಲೋಹ ಹಿಡಿಯಬೇಕಾದ ಕೊಕ್ಕೆಗಳನ್ನು ಬಣ್ಣವೇ ತುಂಬಿಬಿಡುತ್ತದೆ. ಆರು ವೇಲೆನ್ಸಿಯ ಕ್ರೋಮಿಯಂ ಆಮ್ಲೀಯ ನೀರಿನಲ್ಲಿ ಚೆನ್ನಾಗಿ ಅಂಟುತ್ತದೆ. ಸೀಸ, ತಾಮ್ರಗಳಿಗೆ ಅಷ್ಟು ಆಮ್ಲ ಆಗಿಬರುವುದಿಲ್ಲ. ಒಂದೇ ತೊಟ್ಟಿಯಲ್ಲಿ ಇಬ್ಬರನ್ನೂ ಮೆಚ್ಚಿಸಲಾಗದು.

ಲೋಹವನ್ನು ಹಿಡಿಯಬೇಕಾದದ್ದು ಅದು ಹುಟ್ಟುವಲ್ಲಿ, ಬೇರೆ ನೀರಿನ ಜೊತೆ ಬೆರೆಯುವ ಮೊದಲು. ಸುಣ್ಣ ಹಾಕಿ ಲೋಹವನ್ನು ಕೆಸರಾಗಿ ಇಳಿಸುವ ಹಳೆಯ ವಿಧಾನದಿಂದಲೇ ಬಹುಪಾಲು ಕೆಲಸವಾಗುತ್ತದೆ. ಉಳಿದ ಚೂರಿಗೆ ಕೈಟೋಸಾನ್ ಬೇಕು. ಆದ್ದರಿಂದ 'ತಂತ್ರಜ್ಞಾನ ಬರಲಿ, ನೋಡೋಣ' ಎನ್ನುವುದು ಬರೀ ನೆಪ.

ಸಣ್ಣ ಘಟಕಗಳಿಗೆ ಇದು ಭಾರ ಎನ್ನುತ್ತಾರೆ. ಮಾತು ನ್ಯಾಯವಾದದ್ದೇ. ಹಾಗಾದರೆ ಲೋಹ ತುಂಬಿದ ಕಾರ್ಟ್ರಿಡ್ಜ್ ಒಯ್ದು, ತೊಳೆದು, ಹಿಂದಿರುಗಿಸುವ ಕೇಂದ್ರವನ್ನು ಸಾಮೂಹಿಕ ಮಾಡಿ. ಈಗ ಸಾಮೂಹಿಕವಾಗಿರುವುದು ಕೊಳಚೆ. ಯಾರ ಲೋಹ ಯಾರದೆಂದು ಗೊತ್ತಾಗದಿರುವುದೇ ಅದರ ದೊಡ್ಡ ಅನುಕೂಲ. ಕಾರ್ಟ್ರಿಡ್ಜಿನ ಮೇಲಾದರೆ ಮಾಲೀಕನ ಹೆಸರಿರುತ್ತದೆ.

ಇನ್ನೊಂದು ಮಾತು. ಹಿಡಿದ ಲೋಹ ಸಾಯುವುದಿಲ್ಲ. ತೊಳೆದಾಗ ಗಾಢವಾಗಿ ಹೊರಬರುತ್ತದೆ. ಆ ನೀರನ್ನು ರಾತ್ರಿ ಟ್ಯಾಂಕರಿನಲ್ಲಿ ವಾಲಧುನಿಗೆ ಸುರಿದರೆ ಸಿಗಡಿ ಸಿಪ್ಪೆಯ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ವಾಲಧುನಿ ಕಲ್ಯಾಣದ ಬಳಿ ಉಲ್ಹಾಸ ನದಿಯನ್ನು ಸೇರುತ್ತದೆ. ಮುಂದಿರುವುದು ಮೀನುಗಾರರ ಖಾರಿ. ಥಾಣೆ ಖಾರಿಗೆ 2022ರಲ್ಲಿ ರಾಮ್ಸರ್ ಪಟ್ಟಿಯ ಗೌರವ ಸಿಕ್ಕಿತು. ಕೆಸರಿನಲ್ಲಿ ಕೂತ ಲೋಹಕ್ಕೆ ಪಟ್ಟಿ ಗೊತ್ತಿಲ್ಲ.

ಆದ್ದರಿಂದ ಪ್ರತಿ ಕಾರ್ಖಾನೆಗೂ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಕಿಲೋ ಲೋಹ ಕೊಂಡಿರಿ, ಎಷ್ಟು ಮಾಲಿನಲ್ಲಿ ಹೋಯಿತು, ಉಳಿದದ್ದೆಲ್ಲಿ? ಈ ಲೆಕ್ಕ ಸಾರ್ವಜನಿಕವಾಗಲಿ. ಡೊಂಬಿವಲಿಯಲ್ಲಿರುವ ಕನ್ನಡಿಗರೂ ಕೇಳಲಿ, ಬೆಂಗಳೂರಿನ ಪೀಣ್ಯದವರೂ ಕೇಳಲಿ. ಉತ್ತರ ಕೊಡಬೇಕಾದದ್ದು ಸಿಗಡಿಯಲ್ಲ.