ಹೊಟ್ಟೆ ಕೊಯ್ಸಿದರೆ ಸಕ್ಕರೆ ಕಾಯಿಲೆ ಊರು ಬಿಟ್ಟೀತೇ?

ಇಳಕಲ್ಲಿನ ಸೀರೆ ಅಂಗಡಿಯಿಂದ ಬಾಗಲಕೋಟೆಯ ಕಿರಾಣಿ ಅಂಗಡಿವರೆಗೆ, ಮುಂಜಾನೆಯಿಂದ ರಾತ್ರಿತನಕ ಗಲ್ಲಾ ಮೇಲೆ ಕೂತವರ ಹೊಟ್ಟೆಯೂ ಸಕ್ಕರೆಯೂ ಜೋಡಿಯಾಗಿ ಏರುವುದು ಗುಟ್ಟಿನ ಮಾತೇನಲ್ಲ. ಅವರಲ್ಲಿ ಕೈಯಾಗ ರೊಕ್ಕ ಇದ್ದವರು ದೊಡ್ಡ ಊರಿನ ದಾರಿ ಹಿಡಿದು ತೂಕ ಇಳಿಸುವ ಆಪರೇಶನ್ ಮಾಡಿಸಿಕೊಂಡು ಬರುತ್ತಾರೆ. 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಅರುಣ್ ಜೇಟ್ಲಿ ಮಾಡಿಸಿಕೊಂಡದ್ದು ಇದನ್ನೇ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡದ್ದು ಕೊಬ್ಬು ತೆಗೆಸಿದ ನಂತರ. ಅದು ಬೇರೆ, ಇದು ಬೇರೆ. ಇಲ್ಲಿ ಜಠರವನ್ನೇ ಕೊಯ್ದು ಸಣ್ಣದು ಮಾಡುತ್ತಾರೆ, ಇಲ್ಲವೇ ಕರುಳಿಗೆ ಬೇರೆ ದಾರಿ ಜೋಡಿಸುತ್ತಾರೆ.

ಮಾಡಿಸಬಾರದು ಅಂತಲ್ಲ. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಅನೇಕರಿಗೆ ಸಕ್ಕರೆ ಇಳಿಯುತ್ತದೆ. ಊಟ ತಗ್ಗುತ್ತದೆ, ಕರುಳಿನ ಹಾರ್ಮೋನು ಹೆಚ್ಚಿ ಇನ್ಸುಲಿನ್ ಚುರುಕಾಗುತ್ತದೆ.

ತಂಟೆ ಶುರುವಾಗೋದು ಊರಿಗೆ ಬಂದ ಮ್ಯಾಲೆ. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿ. ಅದು ಕಪಾಟಿನಾಗ, ಹಳೇ ಔಷಧಿ ಚೀಟಿ ಕಿಸೆದಾಗ! ಔಷಧಿ ಅಂಗಡಿಯವ ಅದೇ ಚೀಟಿ ನೋಡಿ ಅದೇ ಗ್ಲಿಮೆಪಿರೈಡ್ ಕಟ್ಟಿಕೊಡುತ್ತಾನೆ. ನಾಲ್ಕು ರೊಟ್ಟಿ ಉಣ್ಣುತ್ತಿದ್ದವ ಈಗ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಾನೆ, ಗುಳಿಗೆ ಮಾತ್ರ ನಾಲ್ಕು ರೊಟ್ಟಿ ಲೆಕ್ಕದ್ದು. ಸಕ್ಕರೆ ಪಾತಾಳ ಕಾಣದೆ ಇದ್ದೀತೇ? ಬೆವರು, ನಡುಕ, ಕಣ್ಣಿಗೆ ಕತ್ತಲೆ. ಹುನಗುಂದದ ಬಸ್ಸಿನಾಗ ಹೀಂಗಾದರೆ ಪಕ್ಕದವರು "ಕುಡದಾನ" ಅಂತ ಸರಿದು ಕೂಡುತ್ತಾರೆ. ಎಚ್ಚರವಿದ್ದರೆ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇನ್ಸುಲಿನ್, ಗ್ಲಿಮೆಪಿರೈಡ್‌ನಂಥವನ್ನು ಆಪರೇಶನ್ ಆದ ಕೂಡಲೇ ವೈದ್ಯರು ಇಳಿಸಬೇಕು ಇಲ್ಲವೇ ನಿಲ್ಲಿಸಬೇಕು. ಡಾಪಾಗ್ಲಿಫ್ಲೋಜಿನ್ ಜಾತಿಯ ಗುಳಿಗೆ ಆಪರೇಶನ್‌ಗೆ ಮುಂಚೆಯೇ ಬಿಡಬೇಕಾದ್ದು.

ಇನ್ನೊಂದು ಗುಂಪು ಇದೆ. ಇವರಿಗೆ "ಶುಗರ್ ವಾಸಿ ಆತು." ತಪಾಸಣೆ ಬಂದ್, ಅಮೀನಗಡದಾಗ ಬಸ್ಸು ನಿಂತರೆ ಕರದಂಟು ಚಾಲೂ! ಬೈಪಾಸ್ ಆದವರಲ್ಲಿ ಖಾಲಿ ಹೊಟ್ಟೆಯ ಸಿಹಿ ಸರ್ರನೆ ಕರುಳಿಗೆ ಜಾರಿ ಸಕ್ಕರೆ ಏರುತ್ತದೆ, ಇನ್ಸುಲಿನ್ ನುಗ್ಗುತ್ತದೆ, ಒಂದರಿಂದ ಮೂರು ತಾಸಿನೊಳಗೆ ಅದೇ ಸಕ್ಕರೆ ಕುಸಿಯಬಹುದು. ಆಪರೇಶನ್ ಆಗಿ ವರ್ಷ ದಾಟಿದ ಮೇಲೂ ಇದು ಶುರುವಾಗುವುದುಂಟು. ಮತ್ತೆ ಸಿಹಿ ತಿಂದರೆ ಮತ್ತದೇ ಪಾಡು. ತತ್ತಿ, ಮೊಸರು, ಕಾಳುಪಲ್ಯೆ ಮೊದಲು ಉಂಡು, ರೊಟ್ಟಿ ಆಮೇಲೆ ಸ್ವಲ್ಪ ಸ್ವಲ್ಪ ತಿನ್ನುವುದು ಇದಕ್ಕೆ ಮದ್ದು.

ವಾಸಿಯ ಮಾತಿಗೂ ಲೆಕ್ಕವಿದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ವೈದ್ಯರು 2017ರಲ್ಲಿ ಐದು ವರ್ಷದ ಫಲ ಪ್ರಕಟಿಸಿದರು. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕೆಳಗೆ ಉಳಿದದ್ದು ಬೈಪಾಸ್ ಆದವರಲ್ಲಿ ನೂರಕ್ಕೆ 29, ಜಠರ ಸಣ್ಣದು ಮಾಡಿಸಿದವರಲ್ಲಿ 23, ಬರೀ ಔಷಧಿಯವರಲ್ಲಿ 5. ಆಪರೇಶನ್ ಮೇಲು, ಖರೆ. ಆದರೆ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಆ ಗೆರೆ ಒಳಗೆ ಉಳಿಯಲಿಲ್ಲ! 2021ರಲ್ಲಿ ತಜ್ಞರು 'ವಾಸಿ' ಎಂಬ ಮಾತನ್ನೇ ಬಿಟ್ಟು 'ತಾತ್ಕಾಲಿಕ ಶಮನ' ಎಂಬರ್ಥದ ಮಾತು ಹಿಡಿದರು. ಅದಕ್ಕೂ ಔಷಧಿ ಬಿಟ್ಟು ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ 6.5ರ ಒಳಗಿರಬೇಕು, ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು.

ಕಾಲು ಜೋಮು ಹಿಡಿದರೆ ಎಲ್ಲರೂ ಶುಗರ್ ಮೇಲೇ ತಪ್ಪು ಹೊರಿಸುತ್ತಾರೆ. ಆಪರೇಶನ್ ಆದವರಿಗೆ ಬಿ12 ಕಡಿಮೆಯಾದರೂ ಹಾಗಾಗುತ್ತದೆ, ಮೆಟ್‌ಫಾರ್ಮಿನ್ ನುಂಗುವವರಿಗಂತೂ ಇನ್ನಷ್ಟು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವಮಾನದ ಬಾಬ್ತು.

ಇದನ್ನೆಲ್ಲ ನೋಡುವವರು ಯಾರು? ಕೊಯ್ದವರು ನೂರಾರು ಮೈಲಿ ದೂರ. ಜಿಲ್ಲಾ ಸರ್ಕಾರಿ ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ ಇರಲೇಬೇಕೆಂಬ ಯೋಜನೆ 2010ರಿಂದ ಇದೆ. ಅಲ್ಲಿ ಇಂಥವರಿಗೊಂದು ಬೇರೆ ರಿಜಿಸ್ಟರ್ ಇಟ್ಟು, ಮೂರು ತಿಂಗಳಿಗೊಮ್ಮೆ ಕರೆದು ನೋಡಿದರೆ ಸರ್ಕಾರದ ಗಂಟೇನೂ ಹೋಗದು. ದೊಡ್ಡ ಆಸ್ಪತ್ರೆಗಳೂ ಯಾವ ಗುಳಿಗೆ ಬಿಡಬೇಕು, ಯಾವುದು ಅರ್ಧ, ಯಾವಾಗ ತಪಾಸಣೆ ಎಂದು ಒಂದು ಹಾಳೆ ಕನ್ನಡದಲ್ಲಿ ಬರೆದು ಕೈಗಿಡಲಿ. ಲಕ್ಷಗಟ್ಟಲೆ ಬಿಲ್ಲು ಬರೆಯುವ ಕೈಗೆ ನಾಲ್ಕು ಸಾಲು ಕನ್ನಡ ಭಾರವೇ?